ನಂಜನಗೂಡು–ತಿ. ನರಸೀಪುರ ಸೀಮೆಯ ಮನೆಬಣ್ಣಗಳು ಮತ್ತು ಸ್ಕ್ಯಾಂಡಿನೇವಿಯನ್ ವರ್ಣಶೈಲಿ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಮನೆಗಳಲ್ಲಿ ಗೋಡೆ, ನೆಲ, ಬಾಗಿಲು, ಮರಮುಟ್ಟುಗಳಿಗೆ ಬಳಕೆಯಾಗುತ್ತ ಬಂದ ಬಣ್ಣಗಳ ಪರಂಪರೆಯನ್ನೂ, ಈಚಿನ ವರ್ಷಗಳಲ್ಲಿ ಹೊಸ ಬಡಾವಣೆಗಳ ಮನೆಗಳಿಗೆ ಕಾಲಿಡುತ್ತಿರುವ ಸ್ಕ್ಯಾಂಡಿನೇವಿಯನ್ ಮಾದರಿಯ ತಿಳಿಬಣ್ಣಗಳನ್ನೂ ಈ ಲೇಖನ ಒಟ್ಟಿಗೆ ಪರಿಶೀಲಿಸುತ್ತದೆ. ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು, ನೀಲಿ ಬೆರೆಸಿದ ತಿಳಿಗೋಡೆ, ಸಗಣಿ ಸಾರಿಸಿದ ನೆಲ, ನಂತರ ಬಂದ ಕೆಂಪು ಗಾರೆನೆಲ ಇವು ಈ ಸೀಮೆಯ ಮೂಲ ಬಣ್ಣಗಳು. ಬಿಳಿ, ಕೆನೆ, ತಿಳಿಬೂದು, ಮಾಸಲು ನೀಲಿ, ಎಳೆಹಸಿರು ಮತ್ತು ಬಣ್ಣ ಹಚ್ಚದ ತಿಳಿಮರ ಇವು ಸ್ವೀಡನ್, ನಾರ್ವೆ, ಡೆನ್ಮಾರ್ಕ್ ದೇಶಗಳ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಸಂಯೋಜನೆಯ ಅಂಗಗಳು. ಎರಡೂ ಕಡೆ ಬಿಳಿಗೋಡೆಯೇ ಪ್ರಧಾನ. ಆದರೆ ಉತ್ತರದ ನಾಡಿನಲ್ಲಿ ಬಿಳಿ ಬಂದದ್ದು ಬೆಳಕಿನ ಬಡತನದಿಂದ. ಇಲ್ಲಿ, ಕಪಿಲಾ ನದಿಯ ದಡದಲ್ಲಿ, ಬಂದದ್ದು ಬಿಸಿಲಿನ ಸಿರಿಯಿಂದ. ಆ ಶೈಲಿಯನ್ನು ಇಲ್ಲಿ ಎಷ್ಟು ತೆಗೆದುಕೊಳ್ಳಬೇಕು, ಎಲ್ಲಿ ತಿದ್ದಿಕೊಳ್ಳಬೇಕು ಎಂಬುದು ಈ ವ್ಯತ್ಯಾಸವನ್ನು ಅವಲಂಬಿಸಿದೆ.

ನೆಲ, ಬಿಸಿಲು, ಬೆಳಕು

ನಂಜನಗೂಡು ಮೈಸೂರಿನಿಂದ ದಕ್ಷಿಣಕ್ಕೆ, ಕಬಿನಿ ಅಥವಾ ಕಪಿಲಾ ನದಿಯ ದಡದಲ್ಲಿದೆ. ತಿ. ನರಸೀಪುರವು ಕಪಿಲೆ ಕಾವೇರಿಯನ್ನು ಕೂಡುವ ಸಂಗಮಸ್ಥಾನ. ಎರಡೂ ತಾಲ್ಲೂಕುಗಳಲ್ಲಿ ಎತ್ತರದ ಹೊಲಗಳದು ಕೆಂಪು ಮಣ್ಣು. ತಗ್ಗಿನಲ್ಲಿ ಕಪ್ಪು ಎರೆಯೂ ನಾಲೆಯ ನೀರುಂಡ ಗದ್ದೆಯ ಮಣ್ಣೂ ಇವೆ. ತಲಕಾಡಿನಲ್ಲಿ ಮರಳಿನ ದಿಬ್ಬಗಳಿವೆ. ಊರೊಳಗಿನ ಮನೆಯ ಗೋಡೆಯ ಕೆಳಭಾಗ ಬೇಸಿಗೆಯ ಧೂಳಿಗೂ ಮಳೆಗಾಲದ ಕೆಸರಿನ ಎರಚಲಿಗೂ ಸಿಕ್ಕಿ ಕೆಂಪಾಗುತ್ತದೆ. ಇಲ್ಲಿನ ಗೋಡೆಯ ಬಣ್ಣವನ್ನು ಮೊದಲು ನಿರ್ಧರಿಸಿದ್ದು ಈ ಮಣ್ಣೇ.

ಎರಡನೆಯದು ಬಿಸಿಲು. ಈ ಸೀಮೆ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮೂರನೆಯ ವಾರದ ಹೊತ್ತಿಗೆ ಮತ್ತೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಅವನು ನೆತ್ತಿಗಿಂತ ಉತ್ತರಕ್ಕೆ ಇರುವುದರಿಂದ ಉತ್ತರದ ಗೋಡೆಗೂ ಬಿಸಿಲು ತಾಗುತ್ತದೆ. ಉಳಿದ ಕಾಲದಲ್ಲಿ ದಕ್ಷಿಣದ ಗೋಡೆ ಕಾಯುತ್ತದೆ. ವರ್ಷದ ಅತಿ ಗಿಡ್ಡ ಹಗಲೂ ಹನ್ನೊಂದು ಗಂಟೆಗೆ ಕಡಿಮೆಯಾಗದು. ಸ್ಟಾಕ್‌ಹೋಮ್ ನಗರದಲ್ಲಿ ಡಿಸೆಂಬರ್ ಹಗಲು ಸುಮಾರು ಆರು ಗಂಟೆ ಮಾತ್ರ.

ಸುಣ್ಣ

ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದಾಗ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಕೆಲವು ದಿನ ನೆನೆಹಾಕಿ, ಸೋಸಿ, ಅಂಟು ಅಥವಾ ಉಪ್ಪು ಬೆರೆಸಿ ಗೋಡೆಗೆ ಬಳಿಯುತ್ತಾರೆ. ಗೋಡೆಯ ಮೇಲೆ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹಸಿಗೋಡೆಗೆ ಬಳಿದ ಸುಣ್ಣ ಮೊದಲು ಮಾಸಲಾಗಿ ಕಂಡು, ಒಣಗುತ್ತ ಬೆಳ್ಳಗಾಗುತ್ತದೆ. ಹಳೆಯ ಮೈಸೂರಿನಲ್ಲಿ ಸುಣ್ಣ ಸುಡುವುದು ಉಪ್ಪಾರ ಸಮುದಾಯದ ಒಂದು ಪಂಗಡದ ಕುಲಕಸುಬಾಗಿತ್ತು.

ಕಟ್ಟಡದ ಗಾರೆಗೂ ಸುಣ್ಣವೇ ಆಧಾರ. ನಂಜನಗೂಡಿನ ಬಳಿ ಕಪಿಲೆಗೆ ಅಡ್ಡಲಾಗಿರುವ, ದಳವಾಯಿ ದೇವರಾಜನ ಕಾಲದ ಸೇತುವೆ 1735ರದು. ಪೋರ್ಟ್‌ಲೆಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ; ಸೇತುವೆ ಕಟ್ಟಿದಾಗ ಆ ಸಿಮೆಂಟ್ ಇನ್ನೂ ಇರಲಿಲ್ಲ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಬೆರೆಸಿ ಗಾರೆಯನ್ನು ಗಟ್ಟಿಮಾಡುವ ಪದ್ಧತಿ ದಕ್ಷಿಣ ಭಾರತದಲ್ಲೆಲ್ಲ ಇತ್ತು.

ಸುಣ್ಣದ ತಿಳಿ ತೀವ್ರ ಕ್ಷಾರ. ಬೂಸು, ಹುಳುಹುಪ್ಪಟೆ, ರೋಗಾಣುಗಳು ಅದರಲ್ಲಿ ಬದುಕುವುದಿಲ್ಲ. ತಿ. ನರಸೀಪುರ ಹಳೆಯ ರೇಷ್ಮೆ ಸೀಮೆ. ಹುಳು ಸಾಕುವ ಮನೆಗೆ ಪ್ರತಿ ಬೆಳೆಗೂ ಮುನ್ನ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯಿಂದ ಶುದ್ಧಿ ಮಾಡುತ್ತಾರೆ. ಹುಳುವಿನ ಹಾಸಿಗೆಗೂ ಸುಣ್ಣದ ಪುಡಿ ಉದುರಿಸುತ್ತಾರೆ. ಬಿಳಿಗೋಡೆ ಇಲ್ಲಿ ಅಂದಕ್ಕಿಂತ ಮೊದಲು ಆರೋಗ್ಯದ ಏರ್ಪಾಡು. ಸುಣ್ಣ ಬಳಿಯುವ ಕಾಲವೂ ಊರಿನ ಪಂಚಾಂಗಕ್ಕೆ ಹೊಂದಿಕೊಂಡಿತ್ತು. ಫಾಲ್ಗುಣದಲ್ಲಿ ನಂಜುಂಡೇಶ್ವರನ ದೊಡ್ಡ ಜಾತ್ರೆಗೆ ಮೊದಲು, ಯುಗಾದಿಗೆ, ಗೌರಿ ಹಬ್ಬಕ್ಕೆ, ಊರದೇವರ ಹಬ್ಬಕ್ಕೆ ಮನೆ ಬೆಳ್ಳಗಾಗುತ್ತಿತ್ತು.

ಕೆಮ್ಮಣ್ಣು

ಕೆಮ್ಮಣ್ಣು ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ ಮಣ್ಣು. ಅದನ್ನು ನೆನೆಸಿ, ಕದಡಿ, ಸೋಸಿ ಗೋಡೆಯ ಬುಡಕ್ಕೂ ಜಗಲಿಯ ಅಂಚಿಗೂ ಒಲೆಯ ಕಟ್ಟೆಗೂ ತುಳಸಿಕಟ್ಟೆಗೂ ಬಳಿಯುತ್ತಿದ್ದರು. ಬಿಳಿ ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಕೆಂಪುಪಟ್ಟಿ ಕೆಸರಿನ ಎರಚಲನ್ನು ಮರೆಮಾಡುತ್ತದೆ. ಒರಗಿ ಕೂತವರ ಬೆನ್ನಿನ ಕೊಳೆ, ಮಕ್ಕಳ ಕಾಲಿನ ಗುರುತು ಅದರಲ್ಲಿ ಕಾಣಿಸುವುದಿಲ್ಲ. ದೇವಾಲಯಗಳ ಪ್ರಾಕಾರದ ಗೋಡೆಗೆ ಬಿಳಿ ಮತ್ತು ಕೆಂಪಿನ ಉದ್ದಪಟ್ಟೆ ಬಳಿಯುವ ಪದ್ಧತಿಯಲ್ಲಿಯೂ ಇದೇ ಎರಡು ಬಣ್ಣಗಳು. ಹೊಸ್ತಿಲಿಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಅರಿಶಿನ ಕುಂಕುಮ, ರಂಗೋಲಿ ಎಳೆಯಿಡುವುದು ಇಂದಿಗೂ ಉಳಿದಿದೆ.

ನೀಲಿ, ಹಸಿರು, ಬೂದು

ಬರಿಯ ಸುಣ್ಣ ಕಾಲಕ್ರಮದಲ್ಲಿ ಹಳದಿಗೆ ತಿರುಗಿದಂತೆ ಕಾಣುತ್ತದೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಚಿಟಿಕೆ ಬೆರೆಸಿದರೆ ಆ ಹಳದಿ ಕಣ್ಣಿಗೆ ಬೀಳದು. ಚಿಟಿಕೆ ಹೆಚ್ಚಾದರೆ ಗೋಡೆಯೇ ತಿಳಿನೀಲಿಯಾಗುತ್ತದೆ. ಹಳ್ಳಿಮನೆಗಳ ಒಳಗೋಡೆಗಳಲ್ಲಿ ಕಾಣುವ ಮಾಸಲು ನೀಲಿ ಹೀಗೆ ಬಂದದ್ದು. ಸ್ಕ್ಯಾಂಡಿನೇವಿಯನ್ ಛಾಯಾಪಟ್ಟಿಯ ಬೂದುಮಿಶ್ರಿತ ನೀಲಿಗೆ ಇದು ತೀರ ಹತ್ತಿರದ್ದು. ಬಾಗಿಲು ಕಿಟಕಿಗಳಿಗೆ ಹಸಿರು ಅಥವಾ ಗಾಢನೀಲಿ ಆಯಿಲ್ ಪೇಂಟ್ ಬಂದದ್ದು ತಡವಾಗಿ. ಡಬ್ಬಿಯ ಡಿಸ್ಟೆಂಪರ್ ಬಂದ ಮೇಲೆ ಗಿಳಿಹಸಿರು, ಎಳೆಗೆಂಪು, ತಿಳಿಹಳದಿ ಗೋಡೆಗಳು ಸಾಮಾನ್ಯವಾದವು.

ಬೂದುಬಣ್ಣವನ್ನು ಈ ಸೀಮೆ ಗೋಡೆಗೆ ಬಳಿಯಲಿಲ್ಲ, ಕಲ್ಲಿನಲ್ಲಿ ಕಂಡಿತು. ಚಪ್ಪಡಿಕಲ್ಲಿನ ಜಗಲಿ, ಒರಳು, ನೀರಿನ ಬಾನಿ ಎಲ್ಲವೂ ಬೂದು. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಕೇಶವ ದೇವಾಲಯವನ್ನು ಕಟ್ಟಿರುವುದು ಹಸಿರುಮಿಶ್ರಿತ ಬೂದುಬಣ್ಣದ ಬಳಪದ ಕಲ್ಲಿನಿಂದ. ಬೆಳಗಿನ ಬಿಸಿಲಿನಲ್ಲಿ ಹಸಿರುಛಾಯೆ, ಮೋಡದ ದಿನ ಸೀಸದ ಛಾಯೆ ಅದರಲ್ಲಿ ಕಾಣುತ್ತದೆ. ಬೂದು ಬಯಸುವ ಮನೆಗೆ ಇದಕ್ಕಿಂತ ಒಳ್ಳೆಯ ಮಾದರಿ ಹತ್ತಿರದಲ್ಲಿಲ್ಲ.

ತೊಟ್ಟಿಮನೆಯ ಒಳಗೆ

ಹಳೆಯ ಮನೆಗಳಲ್ಲಿ ನಾಡಹೆಂಚಿನ ಮಾಡು, ದಪ್ಪ ಮಣ್ಣಿನ ಗೋಡೆ, ಸಣ್ಣ ಕಿಟಕಿ. ಬೆಳಕು ಬರುವುದು ನಡುವಿನ ತೊಟ್ಟಿಯಿಂದ. ತೊಟ್ಟಿಯ ಸುತ್ತಣ ಪಡಸಾಲೆಯಲ್ಲಿ ಹಲಸು, ತೇಗ, ಮತ್ತಿಯ ಕಂಬಗಳು. ಎಣ್ಣೆಗೈ ತಾಗಿ ತಾಗಿ ಕಪ್ಪಾದ ಬಾಗಿಲವಾಡ. ಮೇಲಿನಿಂದ ಇಳಿದ ಬಿಸಿಲನ್ನು ಸುಣ್ಣದ ಗೋಡೆ ಒಳಕೋಣೆಗಳಿಗೆ ಹಂಚುತ್ತದೆ. ಸಗಣಿ ಸಾರಿಸಿದ ನೆಲ ಅಥವಾ ಕೆಂಪು ಗಾರೆ ಅದನ್ನು ಹೀರಿಕೊಂಡು ಕಣ್ಣಿಗೆ ತಂಪು ಕೊಡುತ್ತದೆ. ಮೇಲೆ ಬಿಳಿ, ಕೆಳಗೆ ಕೆಂಪು, ನಡುವೆ ಕಪ್ಪುಮರ ಎಂಬ ಈ ಕ್ರಮದಲ್ಲಿ ಬೆಳಕು ಒಳಗೆ ಸಾಕಷ್ಟು ಬರುತ್ತದೆ, ಕೋರೈಸುವುದಿಲ್ಲ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ, ತಿಕ್ಕಿ, ಮೆರುಗು ಕೊಟ್ಟ ಕೆಂಪು ನೆಲ ಇಪ್ಪತ್ತನೆಯ ಶತಮಾನದಲ್ಲಿ ಸಗಣಿನೆಲದ ಜಾಗಕ್ಕೆ ಬಂದಾಗಲೂ ಈ ಕ್ರಮ ಕೆಡಲಿಲ್ಲ. ಅದು ಕೆಟ್ಟದ್ದು ಹೊಳಪಿನ ಬಿಳಿ ಟೈಲ್ಸ್ ಬಂದಾಗ.

ಬಣ್ಣದ ಕಾರ್ಖಾನೆಗಳು

ಮೈಸೂರಿನಲ್ಲಿ ಬಣ್ಣದ ಉದ್ಯಮ ಆರಂಭವಾದದ್ದು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್‌ನಿಂದ. ಕಾಡಿನ ಅರಗು ಅದರ ಮೊದಲ ಕಚ್ಚಾವಸ್ತು. ಸ್ವಾತಂತ್ರ್ಯದ ಹೊತ್ತಿಗೆ ಸರ್ಕಾರಿ ಉದ್ಯಮವಾಗಿ, 1989ರಲ್ಲಿ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಪಡೆದ ಈ ಸಂಸ್ಥೆ 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿದೆ.

2018ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಿಮ್ಮಾವು ಕೈಗಾರಿಕಾ ಪ್ರದೇಶದಲ್ಲಿ ಏಷಿಯನ್ ಪೇಂಟ್ಸ್ ಕಂಪನಿಯ ದೊಡ್ಡ ಘಟಕ ಉತ್ಪಾದನೆ ಆರಂಭಿಸಿತು. ಅದರ ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 3 ಲಕ್ಷ ಕಿಲೋಲೀಟರ್. ನೆರೆಯ ಚಾಮರಾಜನಗರದಲ್ಲಿ ಬಿರ್ಲಾ ಓಪಸ್ ಘಟಕವೂ ಬಂದಿದೆ. ಸುಣ್ಣದ ಗೂಡುಗಳಿದ್ದ ಸೀಮೆ ಹೀಗೆ ದೇಶದ ಬಣ್ಣದ ಭೂಪಟದಲ್ಲಿ ಸ್ಥಾನ ಪಡೆದಿದೆ.

ಡಬ್ಬಿಯ ಬಿಳಿಯ ಮೂಲದ್ರವ್ಯ ಟೈಟೇನಿಯಂ ಡೈಆಕ್ಸೈಡ್. ಕೇರಳದ ಚವರ ಮುಂತಾದ ಕಡಲತೀರಗಳ ಖನಿಜ ಮರಳಿನಿಂದ ಬರುವಂಥದು. ಸುಣ್ಣಕ್ಕಿಂತ ಇದರ ಮರೆಮಾಡುವ ಶಕ್ತಿ ಹೆಚ್ಚು, ಬಟ್ಟೆಗೆ ಅಂಟುವುದಿಲ್ಲ. ಹಳೆಯ ಎಣ್ಣೆಬಣ್ಣಗಳಲ್ಲಿದ್ದ ಸೀಸ ಮಕ್ಕಳಿಗೆ ಅಪಾಯಕಾರಿ. 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದ ಕೇಂದ್ರದ ನಿಯಮ ಮನೆಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕೆ ಇಳಿಸಿದೆ. ಹಳೆಯ ಬಾಗಿಲು ಕಿಟಕಿಗಳ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ನೀರು ತಾಗಿಸಿ ಉಜ್ಜಬೇಕು.

ಸ್ಕ್ಯಾಂಡಿನೇವಿಯನ್ ಶೈಲಿಯ ಹಿನ್ನೆಲೆ

ಸ್ವೀಡನ್ನಿನ ದೊರೆ ಮೂರನೆಯ ಗುಸ್ತಾವ್ (ಆಳ್ವಿಕೆ 1771–1792) ಫ್ರಾನ್ಸಿನ ಅರಮನೆಗಳ ವೈಭವವನ್ನು ತನ್ನ ನಾಡಿಗೆ ತಂದಾಗ ಅಲ್ಲಿನ ಬಡಗಿಗಳೂ ಬಣ್ಣಗಾರರೂ ಅದನ್ನು ಸರಳಗೊಳಿಸಿದರು. ಚಿನ್ನದ ಲೇಪ ಕಡಿಮೆಯಾಯಿತು. ಮುತ್ತಿನ ಬೂದು, ತಿಳಿನೀಲಿ, ಒಣಹುಲ್ಲಿನ ಹಳದಿ ಉಳಿದವು. ಗುಸ್ತಾವಿಯನ್ ಎಂಬ ಈ ಶೈಲಿಯೇ ಇಂದಿನ ತಿಳಿಬಣ್ಣಗಳ ತಾಯಿಬೇರು. 1899ರಲ್ಲಿ ಚಿತ್ರಕಾರ ಕಾರ್ಲ್ ಲಾರ್ಸನ್ ತನ್ನ ಸುಂಡ್‌ಬೋರ್ನ್ ಮನೆಯ ಜಲವರ್ಣ ಚಿತ್ರಗಳನ್ನು 'ಎಟ್ ಹೆಮ್' ಎಂಬ ಪುಸ್ತಕವಾಗಿ ಪ್ರಕಟಿಸಿದ. ಆ ಮನೆಯ ಒಳಾಂಗಣದಲ್ಲಿ ಅವನ ಹೆಂಡತಿ ಕಾರಿನ್ ನೇಯ್ದ ಬಟ್ಟೆಗಳದೂ ದೊಡ್ಡ ಪಾಲು. ಆ ಚಿತ್ರಗಳಲ್ಲಿ ಬಿಳಿಯ ಜೊತೆಗೆ ಹಸಿರು, ಕೆಂಪು ಧಾರಾಳವಾಗಿವೆ. 1930ರ ಸ್ಟಾಕ್‌ಹೋಮ್ ಪ್ರದರ್ಶನ ಅಲಂಕಾರವಿಲ್ಲದ ಬಿಳಿಗೋಡೆಯನ್ನು ಎತ್ತಿಹಿಡಿಯಿತು. 1954ರಿಂದ 1957ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಸುತ್ತಿದ ಸ್ಕ್ಯಾಂಡಿನೇವಿಯನ್ ವಿನ್ಯಾಸಗಳ ಪ್ರದರ್ಶನ ಈ ಶೈಲಿಗೆ ಜಗತ್ತಿನಾದ್ಯಂತ ಹೆಸರು ತಂದಿತು.

ಭಾರತದಲ್ಲಿ ಇದರ ಪ್ರಚಾರಕ್ಕೆ ಪತ್ರಿಕೆಗಳು, ಮೊಬೈಲಿನ ಚಿತ್ರಗಳು, ಮನೆ ಒಳಾಂಗಣ ಮಾಡಿಕೊಡುವ ಸಂಸ್ಥೆಗಳು ಕಾರಣ. 1943ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಪೀಠೋಪಕರಣ ಸಂಸ್ಥೆ ಐಕಿಯಾ 2018ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ, 2022ರ ಜೂನಿನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಮಳಿಗೆ ತೆರೆಯಿತು.

ಹೊರಗೋಡೆಯಲ್ಲಿ ಮಾತ್ರ ಎರಡು ನಾಡುಗಳೂ ಆಶ್ಚರ್ಯವಾಗುವಷ್ಟು ಹತ್ತಿರ. ಸ್ವೀಡನ್ನಿನ ಹಳ್ಳಿಮನೆಗಳಿಗೆ ಬಳಿಯುವ ಫಾಲು ಕೆಂಪು, ಫಾಲುನ್ ತಾಮ್ರದ ಗಣಿಯ ಕಬ್ಬಿಣಯುಕ್ತ ಉಳಿಕೆಯಿಂದ ತಯಾರಾಗುತ್ತದೆ. ರೈ ಹಿಟ್ಟಿನ ಗಂಜಿ, ಅಗಸೆಎಣ್ಣೆ, ನೀರು ಸೇರಿಸಿ ಕುದಿಸುತ್ತಾರೆ. ಕಿಟಕಿಯ ಅಂಚು, ಮೂಲೆಗಳಿಗೆ ಬಿಳಿ. ಗಣಿ 1992ರಲ್ಲಿ ಮುಚ್ಚಿತು. 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬಣ್ಣದ ತಯಾರಿಕೆ ಮುಂದುವರಿದಿದೆ. ಕೆಮ್ಮಣ್ಣಿನ ಕೆಂಪಿಗೂ ಫಾಲು ಕೆಂಪಿಗೂ ಮೂಲ ಒಂದೇ, ಕಬ್ಬಿಣದ ಆಕ್ಸೈಡ್. ಕೆಂಪನ್ನು ಬಿಟ್ಟು ಬಿಳಿ-ಬೂದುಗಳನ್ನಷ್ಟೇ ತೋರಿಸುವ ಇಂದಿನ ಜಾಹೀರಾತುಗಳು ಸ್ವೀಡನ್ನಿನ ಹಳ್ಳಿಯನ್ನೂ ಅರ್ಧವೇ ತೋರಿಸುತ್ತವೆ.

ಗೋಡೆಗೆ ಬಣ್ಣದ ಆಯ್ಕೆ

ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಎಷ್ಟು ಪಾಲನ್ನು ಹಿಂದಕ್ಕೆ ಕೊಡುತ್ತದೆಂಬುದನ್ನು ಸೊನ್ನೆಯಿಂದ ನೂರರವರೆಗಿನ ಪ್ರತಿಫಲನ ಮೌಲ್ಯದಿಂದ ಅಳೆಯುತ್ತಾರೆ. ಶೇಡ್ ಕಾರ್ಡುಗಳಲ್ಲಿ ಈ ಅಂಕಿ ಸಿಗುತ್ತದೆ. ಒಳ್ಳೆಯ ಬಿಳಿಯದು 80ಕ್ಕೂ ಹೆಚ್ಚು. ಉತ್ತರ ಯುರೋಪಿನಲ್ಲಿ ಈ ಅಂಕಿ ಹೆಚ್ಚಿದಷ್ಟೂ ಒಳ್ಳೆಯದು. ಇಲ್ಲಿ ದೊಡ್ಡ ಗಾಜಿನ ಕಿಟಕಿಯ ಪಡುವಣ ಕೋಣೆಗೆ ಅಂಥ ಬಿಳಿ ಬಳಿದು, ಹೊಳಪಿನ ಬಿಳಿ ಟೈಲ್ಸ್ ಹಾಕಿಸಿದರೆ ಮಧ್ಯಾಹ್ನ ಕಣ್ಣು ಬಿಡಲಾಗದು. ಅಂಥ ಕೋಣೆಗೆ 60–70ರ ಮಟ್ಟದ ಕೆನೆ, ಓಟ್ಸ್ ಬಣ್ಣ, ಮಣ್ಣುಮಿಶ್ರಿತ ಬೂದು ಒಪ್ಪುತ್ತದೆ. ಕಿಟಕಿ ಚಿಕ್ಕದಾಗಿರುವ, ಅಕ್ಕಪಕ್ಕದ ಮನೆಯ ಗೋಡೆಗೆ ಅಂಟಿಕೊಂಡ ಪೇಟೆಬೀದಿಯ ಮನೆಗಳಿಗೆ ಮಾತ್ರ ಪೂರ್ಣ ಬಿಳಿಯೇ ಸರಿ. ಅವುಗಳ ಸ್ಥಿತಿ ಸ್ಟಾಕ್‌ಹೋಮಿನ ಚಳಿಗಾಲದ ಕೋಣೆಯಂತೆಯೇ.

ನೀಲಿಛಾಯೆಯ ಬೂದು ಮಳೆಗಾಲದ ಮಂಕಿನಲ್ಲಿ ಸಿಮೆಂಟ್ ಗೋಡೆಯಂತೆ ಕಾಣುತ್ತದೆ. ಹಸಿರು ಅಥವಾ ಕಂದುಛಾಯೆಯ ಬೂದು ಇಲ್ಲಿನ ಮಣ್ಣಿಗೂ ಮರಕ್ಕೂ ಹೊಂದುತ್ತದೆ. ಬಣ್ಣವನ್ನು ಕಾರ್ಡಿನಲ್ಲಿ ನೋಡಿ ತೀರ್ಮಾನಿಸದೆ, ಗೋಡೆಯ ಮೇಲೆ ಎರಡು ಅಡಿ ಚೌಕ ಬಳಿಸಿ ಬೆಳಗ್ಗೆ, ನಡುಹಗಲು, ದೀಪ ಹಚ್ಚಿದ ಮೇಲೆ ನೋಡಬೇಕು. ಇಲ್ಲಿನ ಅನೇಕ ಮನೆಗಳಲ್ಲಿರುವ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಕೊಳವೆದೀಪದ ಕೆಳಗೆ ಬೂದು ಮತ್ತಷ್ಟು ತಣ್ಣಗಾಗುತ್ತದೆ. ಉತ್ತರ ಯುರೋಪಿನ ಮನೆಗಳಲ್ಲಿ ಬಿಳಿಗೋಡೆಗೆ ಬೆಚ್ಚನೆಯ ಭಾವ ಕೊಡುವುದು 2700 ಕೆಲ್ವಿನ್ ಆಸುಪಾಸಿನ ಹಳದಿ ದೀಪಗಳೇ. ಬಣ್ಣ ತಂದವರು ದೀಪವನ್ನೂ ತರಬೇಕು.

ನೆಲ, ಮರ, ಬಟ್ಟೆ

ನೆಲಕ್ಕೆ ಕೆಂಪು ಆಕ್ಸೈಡ್ ಇರುವ ಮನೆಯಲ್ಲಿ ಅದನ್ನು ಒಡೆಸಿ ಬಿಳಿ ಟೈಲ್ಸ್ ಹಾಕಿಸುವ ಅಗತ್ಯವಿಲ್ಲ. ಕೆಂಪು ನೆಲದ ಮೇಲೆ ಕೆನೆಬಿಳಿ ಗೋಡೆ, ಒಂದು ಗೋಡೆಗೆ ಮಾಸಲು ಹಸಿರು ಬಂದರೆ ತಿಳಿಬಣ್ಣದ ಸರಳತೆಯೂ ಊರಿನ ಗುಣವೂ ಒಟ್ಟಿಗೆ ಉಳಿಯುತ್ತವೆ. ಹೊಸ ನೆಲವಾದರೆ ಹೊಳಪಿಲ್ಲದ ಕಲ್ಲು ಮೇಲು.

ಸ್ಕ್ಯಾಂಡಿನೇವಿಯದ ತಿಳಿಮರ ಪೈನ್, ಬರ್ಚ್, ಆಶ್. ಅವುಗಳಿಗೆ ಸಾಬೂನು ಅಥವಾ ಎಣ್ಣೆಯ ತೆಳುಲೇಪ ಸಾಕು. ಇಲ್ಲಿ ಗೆದ್ದಲಿನ ಕಾಟವಿರುವುದರಿಂದ ಸಂಸ್ಕರಿಸದ ಪೈನ್ ಬಾಳುವುದಿಲ್ಲ. ಕೊಡಗಿನ ಕಾಫಿತೋಟಗಳಿಂದ ಬರುವ ಸಿಲ್ವರ್ ಓಕ್, ಸಂಸ್ಕರಿಸಿದ ರಬ್ಬರ್‌ಮರ ತಿಳಿಬಣ್ಣದವು. ಹಲಸು ಮೊದಲು ಹಳದಿಯಾಗಿದ್ದು ವರ್ಷಗಳು ಕಳೆದಂತೆ ಜೇನುಗಂದಿಗೆ ತಿರುಗುತ್ತದೆ. ಹಳೆಯ ಕಂಬಗಳಿರುವ ಮನೆಯಲ್ಲಿ ಅವುಗಳಿಗೆ ಬಿಳಿ ಬಳಿಯುವುದಕ್ಕಿಂತ, ಹಳೆಯ ವಾರ್ನಿಷ್ ತೆಗೆಸಿ ಎಣ್ಣೆ ಹಚ್ಚುವುದು ಲೇಸು.

ಉತ್ತರದ ನಾಡಿನ ಅಗಸೆನಾರಿನ ಬಟ್ಟೆಗೆ ಇಲ್ಲಿನ ಸಾಟಿ ಖಾದಿ. ನಂಜನಗೂಡು ತಾಲ್ಲೂಕಿನ ಬದನವಾಳು ಸ್ವಾತಂತ್ರ್ಯಪೂರ್ವದ ಖಾದಿ ಕೇಂದ್ರ. ರಂಗಕರ್ಮಿ ಪ್ರಸನ್ನ 2015ರಲ್ಲಿ ಅಲ್ಲಿ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ ಮೇಲೆ ಆ ಊರು ಮತ್ತೆ ಸುದ್ದಿಗೆ ಬಂತು. ಬಣ್ಣ ಹಾಕದ ಖಾದಿಯ ಪರದೆ ಬಿಸಿಲನ್ನು ಸೋಸಿ ಒಳಗೆ ಬಿಡುತ್ತದೆ. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಣಿಕೆ ಘಟಕವಿದೆ. ಮೈಸೂರು ಮೂಲತಳಿಯ ಗೂಡಿನ ಹಸಿರುಮಿಶ್ರಿತ ಹಳದಿ, ದ್ವಿತಳಿಯ ಗೂಡಿನ ಬಿಳಿ ಎರಡೂ ಯಾವ ಶೇಡ್ ಕಾರ್ಡಿಗೂ ಮೊದಲಿನಿಂದ ಈ ಊರಿನವರು ಬಲ್ಲ ತಿಳಿಬಣ್ಣಗಳು.

ತೇವ, ಧೂಳು, ಪ್ರವಾಹ

ಕಬಿನಿ ಜಲಾಶಯದ ಹೊರಹರಿವು ಹೆಚ್ಚಿದಾಗ ನಂಜನಗೂಡಿನ ನದಿತೀರದ ಬೀದಿಗಳಿಗೆ ನೀರು ನುಗ್ಗುತ್ತದೆ. 2018 ಮತ್ತು 2019ರಲ್ಲಿ ಹೀಗೆ ಪ್ರವಾಹ ಬಂದಿತ್ತು. ನೀರುಂಡ ಮಣ್ಣಿನ ಅಥವಾ ಇಟ್ಟಿಗೆಯ ಗೋಡೆಯಿಂದ ತೇವ ಹೊರಬರಬೇಕು. ಸುಣ್ಣದ ಲೇಪ ಅದಕ್ಕೆ ದಾರಿ ಬಿಡುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ತಡೆಯುವುದರಿಂದ ಬಣ್ಣ ಗುಳ್ಳೆಯೆದ್ದು, ಪುಟ್ಟಿ ಸಮೇತ ಉದುರುತ್ತದೆ; ಗೋಡೆಯ ಲವಣ ಬಿಳಿಯ ಹೂವಾಗಿ ಹೊರಬರುತ್ತದೆ. ಹಳೆಯ ಮಣ್ಣುಗೋಡೆಗೂ ತಗ್ಗಿನ ಮನೆಗೂ ತಿಳಿಬಣ್ಣ ಬೇಕಾದರೆ ಸುಣ್ಣಕ್ಕೇ ಸ್ವಲ್ಪ ಮಣ್ಣಿನ ವರ್ಣಕ ಬೆರೆಸಿ ಕೆನೆ, ಎಳೆಗೆಂಪು, ತಿಳಿಬೂದು ಮಾಡಿಕೊಳ್ಳುವುದು ಸುರಕ್ಷಿತ. ಸುಣ್ಣದ ಕ್ಷಾರವನ್ನು ಖನಿಜ ವರ್ಣಕಗಳು ತಡೆಯುತ್ತವೆ, ಅನೇಕ ಸಾವಯವ ಬಣ್ಣಗಳು ತಡೆಯುವುದಿಲ್ಲ. ತಾರಸಿಗೆ ಬಿಳಿ ಬಳಿದರೆ ಕಾಂಕ್ರೀಟ್ ಮಾಡಿನ ಕಾವು ಇಳಿಯುತ್ತದೆ. ಈ ಸೀಮೆಯಲ್ಲಿ ಬಿಳಿಯ ಅತ್ಯಂತ ಲಾಭದ ಬಳಕೆ ಇದೇ. ಸುಣ್ಣ ಬಳಿಯುವಾಗ ಕಣ್ಣಿಗೆ, ಕೈಗೆ ರಕ್ಷಣೆ ಇರಬೇಕು.

ಬಣ್ಣ ಮತ್ತು ಸಮಾಜ

ಮನೆಯ ಬಣ್ಣ ಇಲ್ಲಿ ಬರಿಯ ಅಲಂಕಾರವಾಗಿ ಉಳಿದಿಲ್ಲ. ನೀಲಿ ಅಂಬೇಡ್ಕರ್ ಚಳವಳಿಯ ಬಣ್ಣ. ಹಸಿರು ರೈತಸಂಘದ ಶಾಲಿನ ಬಣ್ಣ. ಹಬ್ಬಕ್ಕೆ ಹಳದಿ, ಕೆಂಪು, ಹಸಿರು ಮಂಗಳಕರವೆಂದು ಬಗೆಯುವವರು ಕಪ್ಪು, ಗಾಢಬೂದುಗಳನ್ನು ಬಾಗಿಲಿಗೆ ಒಪ್ಪುವುದಿಲ್ಲ. ವಾಸ್ತು ಕೇಳಿ ದಿಕ್ಕಿಗೊಂದು ಬಣ್ಣ ಆರಿಸುವವರೂ ಇದ್ದಾರೆ. ದೇವರಮನೆ, ಹೊಸ್ತಿಲು, ತುಳಸಿಕಟ್ಟೆ ಈ ಮೂರಕ್ಕೆ ಹಿಂದಿನ ಬಣ್ಣಗಳನ್ನೇ ಉಳಿಸಿ, ಹಜಾರ ಮತ್ತು ಮಲಗುವ ಕೋಣೆಗಳಿಗೆ ತಿಳಿಬಣ್ಣ ಬಳಸಿದರೆ ಮನೆಯ ಹಿರಿಯರಿಗೂ ಕಿರಿಯರಿಗೂ ಒಪ್ಪಿಗೆಯಾಗುತ್ತದೆ. ಬಿಳಿಗೋಡೆಯ ಮುಂದೆ ಕುಂಕುಮ, ಮಾವಿನ ತೋರಣ, ಹಿತ್ತಾಳೆಯ ದೀಪ ಎದ್ದುಕಾಣುವುದರಿಂದ ಹಬ್ಬದ ಕಳೆಗೂ ಕೊರತೆಯಾಗದು.

ಒಟ್ಟಿನಲ್ಲಿ, ತಿಳಿಗೋಡೆ ಈ ಸೀಮೆಗೆ ಹೊರಗಿನಿಂದ ಬರಬೇಕಾದ ವಸ್ತುವಲ್ಲ. ಸ್ಕ್ಯಾಂಡಿನೇವಿಯನ್ ಶೈಲಿಯಿಂದ ಕಲಿಯಬಹುದಾದದ್ದು ಬಣ್ಣಗಳ ಸಂಖ್ಯೆಯಲ್ಲಿ ಮಿತಿ, ಮರವನ್ನು ಮರವಾಗಿಯೇ ಬಿಡುವ ಧೈರ್ಯ, ದೀಪದ ಬಣ್ಣದ ಬಗೆಗಿನ ಎಚ್ಚರ. ಬಿಡಬೇಕಾದದ್ದು ನೆಲದಿಂದ ಮಾಡಿನವರೆಗಿನ ಅಚ್ಚಬಿಳಿ ಮತ್ತು ನೀಲಿಛಾಯೆಯ ತಣ್ಣನೆಯ ಬೂದು. ಗೋಡೆಯ ಬುಡದ ಕೆಂಪುಪಟ್ಟಿಯನ್ನು ಉಳಿಸಿಕೊಂಡ ತಿಳಿಬಣ್ಣದ ಮನೆ ಕಪಿಲೆಯ ದಡದ ಧೂಳಿಗೂ ಬಿಸಿಲಿಗೂ ಮಳೆಗೂ ಹೆಚ್ಚು ಬಾಳುತ್ತದೆ, ಮತ್ತೆ ಬಣ್ಣ ಹೊಡೆಸುವ ಖರ್ಚೂ ಕಡಿಮೆಯಾಗುತ್ತದೆ.